ನಮ್ಮ ಮಾಳಿಗೆಯ ಗಿಡುಗ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ದೇವರನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಬೇರೆಯವರೂ ಪಾರಿವಾಳ ಸಾಕುತ್ತಾರೆ. ಬೆಳಿಗ್ಗೆ ಹಾರಿಸುತ್ತಾರೆ, ಸಂಜೆ ಗೂಡಿಗೆ ಹಾಕುತ್ತಾರೆ, ಉಂಡು ಮಲಗುತ್ತಾರೆ. ನಾನು ಸಾಕಿದರೆ ಮಾತ್ರ ಅದರೊಳಗೆ ಕಚೇರಿ ಬರುತ್ತದೆ, ಕಾಡುಹಂದಿ ಬರುತ್ತದೆ, ವಿಷ್ಣುವಿನ ವಾಹನ ಬರುತ್ತದೆ.

ಆಗಿನ್ನೂ ಬ್ರಿಟಿಷರ ಕಾಲ, ನಮ್ಮ ಕಡೆಯದೆಲ್ಲ ಮದ್ರಾಸಿಗೆ ಸೇರಿತ್ತು. ಹೊಸಪೇಟೆಯ ಬಜಾರಿನಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ಮೇಲೆ ಪಾರಿವಾಳದ ಗೂಡು. ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಹಲ್ಲಿನ ಚಕ್ರ ನೋಡುವವನಿಗೆ ಸ್ವಲ್ಪ ಹೊತ್ತು ಆಕಾಶ ನೋಡಬೇಕೆನಿಸುವುದು ತಪ್ಪಲ್ಲ. ಆದರೆ ಆ ಆಕಾಶದಲ್ಲಿ ಗಿಡುಗವೂ ಇರುತ್ತದೆ ಎಂದು ನನಗೆ ಮೊದಲೇ ಯಾರೂ ಹೇಳಲಿಲ್ಲ.

ಕರಾರು

ಮೊದಲು ಪಂದ್ಯದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ.

ಕಂಪ್ಲಿಯಲ್ಲಿ ಒಬ್ಬ ಅಕ್ಕಿ ಗಿರಣಿಯ ಸಾಹುಕಾರರಿದ್ದರು. ಅವರಿಗೂ ನನ್ನದೇ ಹುಚ್ಚು. ಸಂಕ್ರಾಂತಿ ಕಳೆದ ಮೇಲೆ ಬರುವ ಭಾನುವಾರ ಅವರು ಕಂಪ್ಲಿಯಲ್ಲಿ ಹನ್ನೊಂದು ಹಕ್ಕಿ ಹಾರಿಸಬೇಕು, ನಾನು ಹೋಗಿ ಸಾಕ್ಷಿ ಕೂರಬೇಕು. ಮರುದಿನ ಸೋಮವಾರ ನಾನು ಹೊಸಪೇಟೆಯಲ್ಲಿ ಹನ್ನೊಂದು ಹಾರಿಸಬೇಕು, ಅವರು ಬಂದು ಕೂರಬೇಕು. ಹಿಂಡಿನ ಮೊದಲ ಹಕ್ಕಿ ಮಾಳಿಗೆಗೆ ಇಳಿದ ಕೂಡಲೇ ಹೊತ್ತಿನ ಲೆಕ್ಕ ನಿಂತಿತು. ಯಾರ ಹಿಂಡು ಹೆಚ್ಚು ಹೊತ್ತು ಹಾರಿತೋ ಅವರು ಗೆದ್ದರು. ಸೋತವನು ತನ್ನ ಹಿಂಡಿನಲ್ಲಿ ಕಟ್ಟಕಡೆಗೆ ಇಳಿದ ಹಕ್ಕಿಯನ್ನು, ಅಂದರೆ ಎಲ್ಲಕ್ಕಿಂತ ಗಟ್ಟಿ ಹಕ್ಕಿಯನ್ನು, ಗೆದ್ದವನಿಗೆ ಕೊಡಬೇಕು.

ಮೂರು ವರ್ಷ ನಾನೇ ಸೋತಿದ್ದೆ. ಮೂರನೆಯ ವರ್ಷ ಹೊಟ್ಟೆಯುರಿ ತಡೆಯಲಾರದೆ ಒಂದು ಕೆಟ್ಟ ಕೆಲಸ ಮಾಡಿದೆ. ಕೊನೆಗೆ ಇಳಿದ ನೀಲಿ ಗಂಡು ಹಕ್ಕಿಯನ್ನು ಗೂಡಿನ ಹಿಂದೆ ಬಚ್ಚಿಟ್ಟು, ಅದರಂತೆಯೇ ಇದ್ದ ಇನ್ನೊಂದು ಸೋಮಾರಿ ನೀಲಿಯನ್ನು ಸಾಹುಕಾರರ ಕೈಗೆ ಕೊಟ್ಟೆ. ಆಟದ ಹಕ್ಕಿಗಳ ಕಾಲಿಗೆ ನಾನು ಕೆಂಪು ರೇಷ್ಮೆ ದಾರ ಕಟ್ಟುತ್ತಿದ್ದೆ, ಅವರು ಹಸಿರು ಕಟ್ಟುತ್ತಿದ್ದರು. ಅವರು ಹಕ್ಕಿಯ ಮುಖ ನೋಡಲಿಲ್ಲ, ಸೀದಾ ಕಾಲು ನೋಡಿದರು.

“ಬಣ್ಣ ಬ್ಯಾಡ, ರೆಕ್ಕಿ ಬ್ಯಾಡ. ದಾರ ತೋರಸ್ರಿ.”

ತೋರಿಸಲು ದಾರವೇ ಇರಲಿಲ್ಲ. ಅಂದೇ ಅವರು ನಮ್ಮ ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರ ಕೈಯಲ್ಲಿ ಕರಾರು ಪತ್ರ ಬರೆಸಿದರು. ಶಿರಸ್ತೇದಾರರು ಕೋರ್ಟಿನಲ್ಲಿ ಮೂವತ್ತು ವರ್ಷ ಕಾಗದ ಓದಿದವರು. ಪಾರಿವಾಳ ಕಂಡರೆ ಆಗದು, ಆದ್ದರಿಂದ ನಿಷ್ಪಕ್ಷಪಾತಿಗಳು. ಅವರು ಬರೆದದ್ದು ಹೀಗೆ: ‘ಯಾವುದರ ಕಾಲಿನಲ್ಲಿ ಆಟಗಾರನ ದಾರವಿರುವುದೋ ಅದೇ ಆಟದ ಹಕ್ಕಿ. ಬಣ್ಣ, ಮೈಕಟ್ಟು, ಜಾತಿ ಮುಂತಾದ್ದನ್ನು ನೋಡತಕ್ಕದ್ದಲ್ಲ. ಗೆದ್ದವನು ಬಂದು ಒಯ್ಯುವ ತನಕ ಹಕ್ಕಿಯ ಹೊಟ್ಟೆ ಬಟ್ಟೆ ಸೋತವನದು.’ ಹಕ್ಕಿಗೆ ಬಟ್ಟೆ ಯಾಕೆಂದು ಕೇಳಿದೆ. “ಕರಾರಿನಾಗ ಹಂಗೇ ಬರೀತಾರ, ನಿಮಗ ತಿಳಿಯಂಗಿಲ್ಲ” ಎಂದರು. ಸಾಹುಕಾರರು ನೀಲಿ ಗಂಡನ್ನು ಬೇಕೆಂದೇ ಹದಿನೈದು ದಿನ ನನ್ನಲ್ಲಿ ಬಿಟ್ಟು ನನ್ನ ಜೋಳದಲ್ಲೇ ಕೊಬ್ಬಿಸಿ ಒಯ್ದರು.

ಇನ್ನು ನನ್ನಲ್ಲಿ ಉಳಿದ ಗಟ್ಟಿ ಹಕ್ಕಿ ಒಂದೇ, ಬೂದಿ. ಬೂದಿ ಬಣ್ಣದ ಹೆಣ್ಣು. ಕಣ್ಣು ಬಿಡುವ ಮೊದಲೇ ಅದರ ತಾಯಿಯನ್ನು ಗಿಡುಗ ಒಯ್ದಿತ್ತು. ಕೆಟ್ಟ ಗೋಡೆ ಗಡಿಯಾರದ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ, ಅಂಗಡಿಯಲ್ಲೇ ಇಟ್ಟುಕೊಂಡು, ನೆನೆಸಿದ ಕಡಲೆ ಅಗಿದು ಬಾಯಿಗೆ ಇಟ್ಟು ಸಾಕಿದ್ದೆ. ಟಿಕ್ ಟಿಕ್ ಸದ್ದಿನಲ್ಲೇ ಬೆಳೆದದ್ದರಿಂದ ನನ್ನ ಜೇಬಿನ ಗಡಿಯಾರಕ್ಕೆ ಕಿವಿ ಹಚ್ಚಿ ಕೂರುತ್ತಿತ್ತು. ನಾಲ್ಕನೆಯ ವರ್ಷವೂ ಸೋತರೆ ಬೂದಿ ಕಂಪ್ಲಿಗೆ ಹೋಗುತ್ತಿತ್ತು. ಅದಕ್ಕೆ ಮೊದಲೇ ಗಿಡುಗ ಒಯ್ದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಆ ವರ್ಷ ನಾನು ಪಟ್ಟ ಪಾಡೆಲ್ಲ ಈ ಎರಡರ ನಡುವಿನದು.

ಇದನ್ನು ಹೆಂಡತಿಯ ಮುಂದೆ ಹೇಳಿಕೊಂಡೆ. “ನನಗ ಜ್ವರ ಬಂದಾಗ ಕಡ್ಲಿ ಅಗದು ಕೊಟ್ಟಿದ್ರೇನು?” ಎಂದು ಒಳಗೆ ಹೋದಳು.

ಗೆಜ್ಜೆ

ಗಿಡುಗ ಬರುತ್ತಿದ್ದದ್ದು ಹಂಪಿಯ ಬಂಡೆಗಳ ಕಡೆಯಿಂದ. ದೀಪಾವಳಿಯ ಸುಮಾರಿಗೆ ಬಂದರೆ ಶಿವರಾತ್ರಿಯ ತನಕ ನಮ್ಮ ಓಣಿಯ ಮೇಲೆಯೇ ಅದರ ಬಿಡಾರ. ಎತ್ತಿನ ಕೊರಳಪಟ್ಟಿ ಮಾರುವವನೊಬ್ಬ, “ಬಾಲಕ್ಕ ಸಣ್ಣ ಗೆಜ್ಜಿ ಕಟ್ರಿ, ಸಪ್ಪಳಕ್ಕ ಗಿಡಗ ಹತ್ರ ಸುಳಿಯಂಗಿಲ್ಲ” ಎಂದ. ಕಟ್ಟಿದೆ.

ಮೊದಲ ದಿನವೇ ಹಂಪಿಗೆ ಹೊರಟ ಒಂದು ಗಾಡಿಯವರು ಅಂಗಡಿಯ ಮುಂದೆ ಎತ್ತು ನಿಲ್ಲಿಸಿದರು. ಮೇಲೆ ಗೆಜ್ಜೆಯ ಸದ್ದು, ನೋಡಿದರೆ ಬಿಸಿಲು, ಏನೂ ಕಾಣದು. ಗಾಡಿಯಲ್ಲಿದ್ದ ಅಜ್ಜಿ ಕೈಮುಗಿದು, “ದೇವ್ರು ನಮಗಿಂತ ಮುಂಚೆ ಹಂಪಿಗೆ ಹೊಂಟಾನ, ಜಲ್ದಿ ಹೊಡೀರಿ” ಎಂದಳು. ಹೊರಡುವ ಮೊದಲು ನನ್ನ ಮೆಟ್ಟಿಲಿಗೆ ತೆಂಗಿನಕಾಯಿ ಒಡೆದಳು. ಅದರ ನೀರು ಸಿಡಿದು ಒಂದು ಒಳ್ಳೆಯ ವಾಚು ನಿಂತಿತು.

ನಾಲ್ಕು ದಿನ ಗಿಡುಗ ಬರಲಿಲ್ಲ. ನಾನು ಮೀಸೆ ತಿರುವಿದೆ. ಐದನೆಯ ದಿನ ಹಕ್ಕಿ ಮೇಲೆದ್ದು ಗೆಜ್ಜೆ ಝಲ್ಲೆನ್ನುವುದಕ್ಕೂ ಅದು ಬರುವುದಕ್ಕೂ ಸರಿಹೋಯಿತು. ಆರನೆಯ ದಿನವೂ ಹಾಗೆಯೇ, ಏಳನೆಯ ದಿನವೂ ಹಾಗೆಯೇ. ಎರಡು ಹಕ್ಕಿ ಹೋದವು. ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು:

“ಮೊದಲ ಪಾಪ ಹುಡುಕ್ಯಾಡಿ ತಿಂತಿತ್ತು. ಈಗ ನೀವು ಊಟಕ್ಕ ಗಂಟಿ ಬಾರಿಸಿ ಕರಿಯಾಕ ಹತ್ತೀರಿ.”

ಏಕಾದಶಿ

ಗೆಜ್ಜೆ ಬಿಚ್ಚಿದ ಮೇಲೆ ಕವಣೆ ಹಿಡಿದೆ. ಹೊಡೆಯುವುದಕ್ಕಲ್ಲ, ಬೆದರಿಸುವುದಕ್ಕೆ. ನಮ್ಮದು ಲಿಂಗ ಕಟ್ಟಿದವರ ಮನೆ, ಜೀವ ತೆಗೆಯುವ ಮಾತೇ ಇಲ್ಲ. ಒಂದು ಕಲ್ಲು ಬೀಸಿದ್ದೆ ಅಷ್ಟೆ, ಪಕ್ಕದ ಮಾಳಿಗೆಯಿಂದ ಶಿರಸ್ತೇದಾರರು ಕೂಗಿದರು.

“ಕೈ ಮುಗಿಯೋದು ಬಿಟ್ಟು ಕಲ್ಲು ಬೀಸ್ತೀರಲ್ರಿ! ಗರುಡ ಅದ ಅದು. ಸ್ವಾಮಿ ವಾಹನ!”

“ರಾಯರ, ಅದು ಗಿಡಗ ಐತ್ರಿ. ಗರುಡಗ ತಲಿ, ಎದಿ ಬೆಳ್ಳಗ ಇರತೈತಿ.”

“ಚಳಿಗಾಲ ಅದ. ಹೊದ್ಕೊಂಡಿರ್ತಾನ.”

ಅಂದಿನಿಂದ ನಾನು ಕಲ್ಲು ಎತ್ತಿದರೆ ಅವರು ಕೆಮ್ಮುತ್ತಿದ್ದರು. ನಾನು ಹೋ ಎಂದು ಕೂಗಿದರೆ ಅವರು ಕೆನ್ನೆ ಬಡಿದುಕೊಂಡು ಸ್ತೋತ್ರ ಹೇಳುತ್ತಿದ್ದರು. ಗಿಡುಗಕ್ಕೆ ಎರಡರಲ್ಲಿ ಯಾವುದು ಹಿಡಿಸಿತೋ, ಅವರ ಮನೆಯ ಕಡೆಯಿಂದಲೇ ಬರಲು ಹತ್ತಿತು.

ಒಂದು ದಿನ ಗಿಡುಗ ನನ್ನ ಬಿಳಿ ಹೆಣ್ಣು ಹಕ್ಕಿಯನ್ನು ಹಿಡಿದುಕೊಂಡು ಹೋಗಿ ಅವರ ಅಂಗಳದ ತುಳಸಿಕಟ್ಟೆಯ ಮೇಲೆ ಕೂತು ಸಾವಕಾಶವಾಗಿ ಊಟ ಮಾಡಿತು. ಅಂಗಳದ ತುಂಬ ಗರಿ. ಇನ್ನಾದರೂ ಕಣ್ಣು ತೆರೆದೀತು ಎಂದು ನನ್ನ ದುಃಖದಲ್ಲೂ ಒಂದು ಸಮಾಧಾನ. ಶಿರಸ್ತೇದಾರರು ಸೀದಾ ನನ್ನ ಅಂಗಡಿಗೆ ಬಂದರು.

“ನಿಮ್ಮ ಪಾರಿವಾಳಕ್ಕ ಬುದ್ಧಿ ಅದ ಏನ್ರಿ? ಇವತ್ತು ಏಕಾದಶಿ. ಆತನ ಉಪವಾಸ ಕೆಡಿಸಿಬಿಡ್ತು!”

ಕರಿಕೋಟಿನವನು

ಮುಂದೆ ಬೆದರುಗೊಂಬೆ. ಬಿದಿರಿಗೆ ಹುಲ್ಲು ಸುತ್ತಿ ನಿಲ್ಲಿಸಿದರೆ ಸಾಕೆಂದಿದ್ದೆ. ಹೆಂಡತಿ ಒಪ್ಪಲಿಲ್ಲ. “ಗಿಡಗ ನಿಮ್ಮನ್ನ ದಿನಾ ನೋಡೈತಿ. ನಿಮ್ಮಂಗ ಇದ್ರ ನಂಬತೈತಿ” ಎಂದು ನನ್ನ ಹಳೆಯ ಕರಿಕೋಟು ತೊಡಿಸಿದಳು, ರುಮಾಲು ಸುತ್ತಿದಳು, ಗಾಜು ಹೋದ ನನ್ನ ಕನ್ನಡಕವನ್ನೂ ಸಿಕ್ಕಿಸಿದಳು. ಅಷ್ಟು ಚೆನ್ನಾಗಿ ನಾನೇ ಯಾವ ಹಬ್ಬಕ್ಕೂ ಉಟ್ಟುಕೊಂಡಿರಲಿಲ್ಲ.

ಸೋಮವಾರ ಅಂಗಡಿಗೆ ರಜೆ. ನಾನು ಬಸವಣ್ಣ ಕಾಲುವೆಯ ಕಡೆ ಸ್ನಾನಕ್ಕೆ ಹೋಗಿಬಿಡುತ್ತಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆಯುವುದರೊಳಗೆ ಸಂಡೂರಿನ ಗಿರಾಕಿಯೊಬ್ಬ ಮೆಟ್ಟಿಲ ಮೇಲೆ ಕುದಿಯುತ್ತ ಕೂತಿದ್ದ. ತನ್ನ ಜೇಬು ಗಡಿಯಾರ ಕೊಟ್ಟು ಒಂದು ತಿಂಗಳಾಗಿತ್ತು.

“ನನ್ನ ವಾಚ್ ಕೊಡ್ರಿ. ರಿಪೇರಿ ಆಗಿರಲಿ ಬಿಡಲಿ, ನಿಮ್ಮ ಕೈಯಾಗಂತೂ ಬ್ಯಾಡ.”

“ಯಾಕ್ರಿ, ಏನಾತ್ರಿ?”

“ಏನಾತಾ? ಮೂರು ಸೋಮವಾರ ಸಂಡೂರಿಂದ ಬಂದೀನಿ. ಮಾಳಿಗಿ ಮ್ಯಾಲ ನಿಂತೀರಿ. ‘ಅಣ್ಣಾರ, ನನ್ನ ವಾಚ್ ಆತೇನ್ರಿ’ ಅಂತ ಓಣಿ ಮಂದಿಯೆಲ್ಲ ಹೊರಗ ಬರೋ ಹಂಗ ಒದರೀನಿ. ಒಂದು ಮಾತಿಲ್ಲ. ನಿನ್ನಿ ಸಿಟ್ಟಿಗೆದ್ದು ಬೈದೆ. ಅದಕ್ಕೂ ಮಾತಿಲ್ಲ.”

ಅದು ನಾನಲ್ಲ, ಗೊಂಬೆ ಎಂದೆ. ನಂಬಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದೆ. ಗೊಂಬೆ ನಿಂತಿತ್ತು. ಅದರ ರುಮಾಲಿನ ಮೇಲೆ ಗಿಡುಗ ಕೂತು ಎದೆ ಗರಿ ಸರಿಮಾಡಿಕೊಳ್ಳುತ್ತಿತ್ತು. ಸಂಡೂರಿನವನು ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

“ನಿಮ್ಮ ಅಣ್ಣ ಇರಬೇಕು. ತಲಿ ಮ್ಯಾಲ ಗಿಡಗ ಬಂದು ಕುಂತ್ರೂ ಜಂಬ ಮಾತ್ರ ಇಳಿದಿಲ್ಲ ನೋಡ್ರಿ!”

ಬಂದೂಕಿನ ಅರ್ಜಿ

ಈ ಕಥೆ ಶುರುವಾದದ್ದು ಮೂರನೆಯ ಪಂದ್ಯ ಸೋತ ಮರುವಾರವೇ, ಮುಗಿಯಲು ಹತ್ತು ತಿಂಗಳು ಹಿಡಿಯಿತು.

ಖಾಲಿ ಗುಂಡು ಹಾರಿಸಿ ಸದ್ದು ಮಾಡಲು ಒಂದು ಹಳೆಯ ಬಂದೂಕು ಬೇಕಿತ್ತು. ಅದಕ್ಕೆ ಲೈಸೆನ್ಸ್ ಬೇಕು. ಕಚೇರಿಯ ಗುಮಾಸ್ತ ನನ್ನ ಅರ್ಜಿ ಓದಿ ವಾಪಸು ಸರಿಸಿದ.

“ಪಾರಿವಾಳ ರಕ್ಷಣೆ ಅಂತ ಸರ್ಕಾರದಾಗ ಇಲ್ರಿ. ಬೆಳಿ ರಕ್ಷಣೆ ಐತಿ. ಕಾಡುಹಂದಿ ಕಾಟ ಅಂತ ಬರೀರಿ, ಎಲ್ಲಾರೂ ಹಂಗೇ ಬರೀತಾರ.”

“ನನಗ ಹೊಲ ಇಲ್ಲಲ್ರಿ.”

“ಗಿಡಗ ಎಲ್ಲಿಗೆ ಬರತೈತಿ?”

“ಮಾಳಿಗಿಗೆ.”

“ಮಾಳಿಗಿ ಅಂತ ಬರೀರಿ.”

ಬರೆದೆ. ನಾಲ್ಕು ತಿಂಗಳ ಮೇಲೆ ರೆವಿನ್ಯೂ ಇನ್ಸ್‌ಪೆಕ್ಟರು ಸ್ಥಳ ತನಿಖೆಗೆ ಬಂದರು. ಅವರು ಏಣಿ ಹತ್ತಿ ಮಾಳಿಗೆ ನೋಡಿದರು. ಹೆಂಡತಿ ಒಂದು ಕಡೆ ಜೋಳ ಹರವಿದ್ದಳು, ಒಂದು ಕಡೆ ಮೆಣಸಿನಕಾಯಿ ಒಣಹಾಕಿದ್ದಳು. ಇನ್ಸ್‌ಪೆಕ್ಟರು ಸುತ್ತಲೂ ಒಂದು ಸುತ್ತು ಹಾಕಿ, ಮೆಣಸಿನಕಾಯಿ ಒಂದನ್ನು ಮುರಿದು ಮೂಸಿ, ಸೀನಿ, ಏನೋ ಬರೆದುಕೊಂಡು ಇಳಿದರು. ಕೆಳಗೆ ಬಂದು ಮಜ್ಜಿಗೆ ಕುಡಿಯುತ್ತ, “ಒಣಬೇಸಾಯ, ಆದ್ರೂ ಬೆಳಿ ಚಲೋ ಐತಿ” ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ಎಂದು ಅವರ ಮುಖ ನೋಡಿದೆ. ಅಲ್ಲಿ ಮಜ್ಜಿಗೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕೊನೆಗೂ ಲೈಸೆನ್ಸ್ ಬಂತು, ಒಂದು ಹಳೆಯ ಬಂದೂಕು ಕೊಂಡು ಅಡಿಗೆಮನೆಯಲ್ಲಿ ತೂಗುಹಾಕಿದೆ. ಲೈಸೆನ್ಸ್ ಇಂಗ್ಲಿಷಿನಲ್ಲಿತ್ತು. ಶಿರಸ್ತೇದಾರರು ಓದಿ ಅರ್ಥ ಹೇಳಿದರು. ಪಕ್ಷಿಗಳ ಮೇಲೆ ಗುಂಡು ಹಾರಿಸಕೂಡದು. ಬಜಾರಿನಲ್ಲಿ, ರಸ್ತೆಯಲ್ಲಿ, ಮನೆಯೊಳಗೆ ಬಂದೂಕು ಹಿಡಿಯಕೂಡದು. ಅರ್ಜಿದಾರನ ಮಾಳಿಗೆಯ ಮೇಲೆ ಕಾಡುಹಂದಿ ಹತ್ತಿ ಬಂದ ಪಕ್ಷದಲ್ಲಿ ಮಾತ್ರ ಒಂದು ಸಲಕ್ಕೆ ಒಂದು ಗುಂಡು ಹಾರಿಸಬಹುದು.

ದರೋಜಿಯವನು

ಇನ್ನು ದರೋಜಿಯ ಕಡೆಯಿಂದ ಬಂದ ಒಬ್ಬ ಹಕ್ಕಿ ಹಿಡಿಯುವವ. ಸಣ್ಣ ಮೈ, ಹೆಗಲಿಗೆ ಬಲೆ, ಮಾತು ಕಡಿಮೆ. “ಹಿಡೀತೀನಿ ಯಪ್ಪ. ಎರಡು ಸೇರು ಜ್ವಾಳ ಕೊಡ್ರಿ” ಎಂದ.

ಹೆಂಡತಿ ಅಡ್ಡ ಬಂದಳು. “ಹಿಡಿ, ಆದ್ರ ಕೊಲ್ಲಬ್ಯಾಡ. ದೂರ ಬಿಟ್ಟು ಬಾ.”

“ಆತು ತಾಯಿ” ಎಂದ.

ಕೆಲಸದಲ್ಲಿ ಜಾಣ. ಇಲಿಯೊಂದನ್ನು ಪಂಜರದಲ್ಲಿಟ್ಟು ಮೇಲೆ ಬಲೆ ಹರವಿ ಗೊಂಬೆಯ ಪಕ್ಕದಲ್ಲಿ ತಾನೂ ಗೊಂಬೆಯಂತೆ ಕೂತ. ಮಧ್ಯಾಹ್ನದೊಳಗೆ ಗಿಡುಗ ಅವನ ಕೈಯಲ್ಲಿತ್ತು. ಅಷ್ಟು ಹತ್ತಿರದಿಂದ ಅದನ್ನು ನಾನು ಮೊದಲ ಸಲ ನೋಡಿದೆ. ಹಳದಿ ಕಣ್ಣು. ನನ್ನ ಏಳು ಹಕ್ಕಿ ತಿಂದು, ಸಾಲ ಕೊಟ್ಟವರಂತೆ ನನ್ನನ್ನೇ ದಿಟ್ಟಿಸುತ್ತಿತ್ತು. ಬುಟ್ಟಿಗೆ ಹಾಕಿಕೊಂಡು ಹೋದ. ಆ ದಿನ ಬೂದಿಯ ಜೊತೆ ಇಡೀ ಹಿಂಡು ಏಳು ತಾಸು ಹಾರಿತು. ನನಗೆ ಹೋದ ಜೀವ ಬಂತು.

ಇಪ್ಪತ್ತು ದಿನಕ್ಕೆ ಮತ್ತೊಂದು ಗಿಡುಗ. ಮತ್ತೆ ಅವನನ್ನು ಕರೆಸಿದೆ, ಮತ್ತೆ ಹಿಡಿದ, ಮತ್ತೆ ಜೋಳ. ಇಪ್ಪತ್ತು ದಿನಕ್ಕೆ ಮೂರನೆಯದು. ಹಂಪಿಯ ಬಂಡೆಯಲ್ಲಿ ಇವುಗಳ ದೊಡ್ಡ ಸಂಸಾರವೇ ಇರಬೇಕು ಎಂದುಕೊಂಡೆ. ಆದರೆ ಹಳದಿ ಕಣ್ಣು ಅದೇ ರೀತಿ ದಿಟ್ಟಿಸಿದಾಗ ನನಗೆ ಸಂಶಯ ಬಂತು. “ಸ್ವಲ್ಪ ಗಟ್ಟಿ ಹಿಡಿಯಪ್ಪ” ಎಂದು ಹೇಳಿ, ಗುರುತಿಗೆಂದು ಅದರ ಕಾಲಿಗೆ ಒಂದು ದಾರ ಕಟ್ಟಿದೆ. ಜೇಬಿನಲ್ಲಿದ್ದದ್ದು ನನ್ನ ಕೆಂಪು ರೇಷ್ಮೆ ದಾರವೇ.

ಆ ವಾರ ಗಿರಣಿಯೊಂದರ ಗೋಡೆ ಗಡಿಯಾರ ನೋಡಲು ಕಂಪ್ಲಿಗೆ ಹೋಗಿದ್ದೆ. ಸಾಹುಕಾರರ ಮನೆಯ ಹಿಂಬಾಗಿಲಿನಿಂದ ದರೋಜಿಯವನು ಹೊರಗೆ ಬರುತ್ತಿದ್ದ. ಒಂದು ಕೈಯಲ್ಲಿ ಅಕ್ಕಿಯ ಗಂಟು, ಇನ್ನೊಂದರಲ್ಲಿ ಬುಟ್ಟಿ. ಬುಟ್ಟಿಯ ಸಂದಿಯಿಂದ ಕೆಂಪು ದಾರದ ಕಾಲು ಕಂಡಿತು.

ಅವನನ್ನು ಓಣಿಯ ಗೋಡೆಗೆ ಒತ್ತಿ ನಿಲ್ಲಿಸಿ ಕೇಳಿದೆ. “ಇದೇನಲೇ ಇದು?”

“ಅಲ್ಲಿ ಹಿಡದದ್ದು ಇಲ್ಲಿ ಬಿಡ್ತೀನಿ ಯಪ್ಪ. ಇಲ್ಲಿ ಹಿಡದದ್ದು ಅಲ್ಲಿ ಬಿಡ್ತೀನಿ” ಎಂದ. ಮುಖದಲ್ಲಿ ಅಳುಕು ಅನ್ನುವುದು ಒಂದಿಷ್ಟೂ ಇಲ್ಲ.

“ದೂರ ಬಿಡು ಅಂದಿದ್ದಿಲ್ಲೇನು?”

“ಕಂಪ್ಲಿ ದೂರ ಅಲ್ಲೇನ್ರಿ? ನಡದು ನೋಡ್ರಿ ನೀವು.” ಆಮೇಲೆ ನನಗೆ ಬುದ್ಧಿ ಹೇಳುವ ಧಾಟಿಯಲ್ಲಿ ಸೇರಿಸಿದ: “ಕೊಲ್ಲಬ್ಯಾಡ ಅಂತ ನಿಮ್ಮ ಮನ್ಯಾಗೂ ಅಂದ್ರು, ಇವರ ಮನ್ಯಾಗೂ ಅಂದ್ರು. ಅದಕ್ಕೂ ಎಲ್ಲೆರ ಒಂದು ಕಡೆ ಇರಬೇಕಲ್ರಿ ಪಾಪ!”

ಸೋಮವಾರ

ಸಂಕ್ರಾಂತಿ ಕಳೆಯಿತು. ಭಾನುವಾರ ಕಂಪ್ಲಿಯಲ್ಲಿ ಸಾಹುಕಾರರ ಹಿಂಡು ಆರೂವರೆ ತಾಸು ಹಾರಿತು. ನನ್ನ ಹಿಂಡು ಏಳು ತಾಸು ಹಾರಬಲ್ಲದು. ಗಿಡುಗ ಒಂದು ಬರದಿದ್ದರೆ ಸಾಕು.

ಸೋಮವಾರ ಬೆಳಿಗ್ಗೆ ಏಳಕ್ಕೆ ನಮ್ಮ ಮಾಳಿಗೆಯ ಮೇಲೆ ನಾಲ್ಕು ಜನ. ನಾನು, ಸಾಹುಕಾರರು, ಕರಾರು ಪತ್ರ ಹಿಡಿದ ಶಿರಸ್ತೇದಾರರು, ನಮಗೆಲ್ಲ ಉಪ್ಪಿಟ್ಟು ತಂದ ನನ್ನ ಹೆಂಡತಿ. ಕೋಟಿನ ಗೊಂಬೆಯನ್ನೂ ಸೇರಿಸಿದರೆ ಐದು. ಹನ್ನೊಂದು ಹಕ್ಕಿಯ ಕಾಲಿಗೆ ದಾರ ಕಟ್ಟಿದ್ದನ್ನು ಶಿರಸ್ತೇದಾರರು ಎರಡು ಸಲ ಎಣಿಸಿದರು. ಬೂದಿಯನ್ನು ಕೊನೆಗೆ ಬಿಟ್ಟೆ. ನನ್ನ ಗಡಿಯಾರಕ್ಕೆ ಒಮ್ಮೆ ಕಿವಿ ಹಚ್ಚಿ ಹಾರಿಹೋಯಿತು.

ಮಧ್ಯಾಹ್ನದ ತನಕ ಏನೂ ಆಗಲಿಲ್ಲ. ಐದು ತಾಸು ಕಳೆದಿತ್ತು. ಹಿಂಡು ಎಷ್ಟು ಮೇಲೆ ಹೋಗಿತ್ತೆಂದರೆ ಎಳ್ಳು ಚೆಲ್ಲಿದಷ್ಟೇ ಕಾಣುತ್ತಿತ್ತು. ಸಾಹುಕಾರರ ಮುಖ ಸಣ್ಣದಾಗಿತ್ತು. ನಾನು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡೆ. ಆಗ ಶಿರಸ್ತೇದಾರರು ಎದ್ದು ನಿಂತು ಕೆನ್ನೆ ಬಡಿದುಕೊಂಡರು.

“ಬಂದ. ಸ್ವಾಮಿ ಬಂದ.”

ನನ್ನ ಕೈಯಿಂದ ತಟ್ಟೆ ಬಿತ್ತು. ಹಂಪಿಯ ಕಡೆಯಿಂದ ಬಂದದ್ದು ನೇರ ಹಿಂಡಿನೊಳಗೆ ಹೊಕ್ಕಿತು. ಎಳ್ಳೆಲ್ಲ ದಿಕ್ಕಾಪಾಲು. ನಾನು ಕೂಗಿದೆ, ಡಬ್ಬಿ ಬಡಿದೆ, ಅಡಿಗೆಮನೆಗೆ ಓಡಿ ತೂಗುಹಾಕಿದ್ದ ಬಂದೂಕನ್ನೂ ತಂದೆ. “ಕಾಡುಹಂದಿ ಎಲ್ಲದ್ರಿ?” ಎಂದು ಶಿರಸ್ತೇದಾರರು ನನ್ನ ಕೈ ಹಿಡಿದರು. ಅಷ್ಟರಲ್ಲಿ ಒಂದು ಹಕ್ಕಿ ಹೆದರಿ ಮಾಳಿಗೆಗೆ ಬಿತ್ತು. ಹೊತ್ತು ನಿಂತಿತು. ಐದು ತಾಸು ಹತ್ತು ನಿಮಿಷ. ಸೋತೆ.

ಆದರೆ ಆಗ ನನಗೆ ಸೋಲು ನೆನಪಿಗೇ ಬರಲಿಲ್ಲ. ಎರಡು, ಮೂರು, ಆರು, ಒಂಬತ್ತು ಹಕ್ಕಿ ಇಳಿದವು. ಬೂದಿ ಇಲ್ಲ. ಮೇಲೆ ಗಿಡುಗ ಒಂದೇ ಸುತ್ತುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಬಿಸಿಲಿನ ಮೇಲೆ ಹಾಕಿದೆ. ಹೆಂಡತಿ ಬಿಸಿಲು ಅನ್ನುವುದನ್ನು ನಂಬಲಿಲ್ಲ. ಅವಳು ಬಂದು ಪಕ್ಕದಲ್ಲಿ ನಿಂತು ಸೆರಗು ಅಡ್ಡ ಹಿಡಿದು ತಾನೂ ಮೇಲೆ ನೋಡಿದಳು. “ಅಗೋ!” ಎಂದದ್ದು ಅವಳೇ.

ಬೂದಿ ಕಲ್ಲಿನಂತೆ ಬಿದ್ದು ಬಂತು. ನನ್ನ ಎದೆಗೆ ಬಡಿದು ಗಡಿಯಾರದ ಜೇಬಿನಲ್ಲಿ ತಲೆ ತುರುಕಿ ನಡುಗಿತು. ಬಾಲದ ಎರಡು ಗರಿ ಹೋಗಿದ್ದವು, ಅಷ್ಟೇ.

ಸಾಹುಕಾರರು ಕೈ ಚಾಚಿದರು. “ಕಡೀಗೆ ಇಳಿದದ್ದು ಅದೇ ಅಲ್ಲೇನ್ರಿ? ಕೊಡ್ರಿ. ಈ ಸಲ ಇಲ್ಲಿ ಬಿಡಂಗಿಲ್ಲ, ಈಗಲೇ ಒಯ್ತೀನಿ.”

ನಾನು ಬೂದಿಯನ್ನು ಬಿಡಲಿಲ್ಲ. ಬಿಡದಿರಲೂ ಬರುವುದಿಲ್ಲ, ಮಾತು ಮಾತೇ. ಆ ಹೊತ್ತಿಗೆ ಮೇಲಿದ್ದ ಗಿಡುಗ, ಯಾವ ಅವಸರವೂ ಇಲ್ಲದೆ, ದಿನದ ರೂಢಿಯಂತೆ ಬಂದು ಕರಿಕೋಟಿನ ಗೊಂಬೆಯ ರುಮಾಲಿನ ಮೇಲೆ ಕೂತಿತು.

“ರೀ” ಎಂದಳು ನನ್ನ ಹೆಂಡತಿ. “ಅದರ ಕಾಲಾಗೂ ನಮ್ಮ ದಾರ ಐತಲ್ರೀ.”

ಎಲ್ಲರೂ ನೋಡಿದೆವು. ಕೆಂಪು ರೇಷ್ಮೆ. ನನ್ನದೇ ಗಂಟು.

ಶಿರಸ್ತೇದಾರರು ಮೊದಲು ಕೈಮುಗಿದರು, ಆಮೇಲೆ ಕನ್ನಡಕ ಏರಿಸಿಕೊಂಡು ಕರಾರು ಬಿಚ್ಚಿದರು. “ಇಳಿದ ದಾರ ಎಷ್ಟು? ಬೂದಿ ಹಿಡಿದು ಹತ್ತು. ಹನ್ನೊಂದನೇದು ಬಂದಿದ್ದಿಲ್ಲ. ಈಗ ಬಂತು.”

“ರಾಯರ, ಅದು ಗಿಡಗ ಐತ್ರಿ!” ಸಾಹುಕಾರರು ಚೀರಿದರು.

“ಬಣ್ಣ, ಮೈಕಟ್ಟು, ಜಾತಿ ನೋಡತಕ್ಕದ್ದಲ್ಲ ಅಂತ ನೀವೇ ಬರಸೀರಿ. ಕೆಳಗ ನಿಮ್ಮ ಸಹಿ ಅದ. ದಾರ ನೋಡ್ರಿ ಅಂದವರು ನೀವೇ. ನಾನು ದಾರ ನೋಡೀನಿ. ಕಟ್ಟಕಡೆಗೆ ಇಳಿದದ್ದು ಇದು. ಗೆದ್ದವರು ನೀವು. ಒಯ್ರಿ.”

“ಗಿಡಗ ಒಯ್ದು ನಾನೇನ್ ಮಾಡ್ಲ್ರಿ?”

“ಪೂಜಿ ಮಾಡ್ರಿ.”

ಸಾಹುಕಾರರು ನನ್ನನ್ನು ನೋಡಿದರು. ನಾನು ಬೂದಿಯನ್ನು ಕೋಟಿನೊಳಗೆ ಹಾಕಿಕೊಂಡು ಗುಂಡಿ ಹಾಕಿದೆ. ಅವರು ಗಿಡುಗದ ಕಡೆ ಎರಡು ಹೆಜ್ಜೆ ಇಟ್ಟರು. ಅದು ಹಳದಿ ಕಣ್ಣು ತಿರುಗಿಸಿ ಒಮ್ಮೆ ದಿಟ್ಟಿಸಿತು. ಅವರು ಎರಡು ಹೆಜ್ಜೆ ವಾಪಸು ಬಂದು, ಏಣಿ ಇಳಿದು, ಗಾಡಿ ಹತ್ತಿದರು. ಅವರು ಹೋದ ಮೇಲೆ ಅಂಗಡಿಯ ಬಾಗಿಲು ತೆಗೆದೆ. ಹನ್ನೊಂದನೆಯ ಪಾರಿವಾಳ ಕಿಟಕಿಯಿಂದ ಒಳಗೆ ನುಗ್ಗಿ ಗೋಡೆ ಗಡಿಯಾರದ ಮೇಲೆ ಕಣ್ಣು ಮುಚ್ಚಿ ಕೂತಿತ್ತು. ನಾನೂ ಅದೂ ಈ ವಿಷಯ ಯಾರಿಗೂ ಹೇಳಲಿಲ್ಲ.

ಅಂದು ರಾತ್ರಿ ಹೆಂಡತಿ ತಾನಾಗಿಯೇ ಬೂದಿಗೆ ಕಡಲೆ ನೆನೆಹಾಕಿದಳು. ಸೋತ ದಿನ ಅಷ್ಟು ನೆಮ್ಮದಿಯಾಗಿ ನಾನು ಯಾವತ್ತೂ ಮಲಗಿರಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ತಿಂಗಳೊಳಗೆ ಕಂಪ್ಲಿಯಿಂದ ಒಂದು ಕಾರ್ಡು ಬಂತು. ಸಾಹುಕಾರರ ದುಂಡು ಅಕ್ಷರ:

‘ಕ್ಷೇಮ. ನಾವು ಗೆದ್ದ ಹಕ್ಕಿ ಇನ್ನೂ ನಿಮ್ಮ ಮಾಳಿಗೆಯ ಮೇಲೆಯೇ ಇರುವುದಾಗಿ ದರೋಜಿಯವನಿಂದ ತಿಳಿದು ಸಂತೋಷವಾಯಿತು. ಸದ್ಯ ಸುಗ್ಗಿ, ಬಂದು ಒಯ್ಯಲು ನಮಗೆ ಬಿಡುವಿಲ್ಲ. ಅಲ್ಲಿಯ ತನಕ ಕರಾರಿನಂತೆ ಅದರ ಹೊಟ್ಟೆಗೆ ಕಡಿಮೆಯಾಗದಂತೆ ನೋಡಿಕೊಳ್ಳುವುದು.’